ಅಂಗೈಯಷ್ಟೇ ರುಚಿ ನೋಡಿದ್ದು

ಜನವರಿ 10, 2025, ಶುಕ್ರವಾರ

ಏಲಕ್ಕಿಯಂತೆ ಏಲಕ್ಕಿ! ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಇವರ ಅಂಗಿ ಜೇಬಿಗೆ ಯಾವಾಗ ಕೈ ಹಾಕಿದರೂ ಏಲಕ್ಕಿ ಸಿಗುತ್ತಿತ್ತು. ಅಕ್ಕನ ಬಳಗದ ಹೆಂಗಸರ ಮುಂದೆ ನಾನೇ ಬಾಯಿ ತುಂಬ ಹೇಳಿಕೊಂಡಿದ್ದೆ, ನಮ್ಮನೆಯವರಿಗೆ ಗುಟ್ಕಾ ಇಲ್ಲ, ಬೀಡಿ ಇಲ್ಲ, ಎರಡು ಏಲಕ್ಕಿ ಬಿಟ್ಟರೆ ಬೇರೆ ಚಟವೇ ಇಲ್ಲ ಅಂತ. ಆಗ ಅವರೆಲ್ಲ ಮುಖ ಮುಖ ನೋಡಿಕೊಂಡಿದ್ದು ಯಾಕೆಂದು ಇವತ್ತು ಗೊತ್ತಾಯಿತು.

ನಿನ್ನೆ ಅಂಬ್ಲಿಗೊಳದ ಕಡೆ ಯಾರದೋ ತೋಟದ ಪೈಪ್‌ಲೈನ್ ಕೆಲಸ ನೋಡಿಕೊಂಡು ಬರುವಾಗ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬಿದ್ದರು. ಮೊಣಕೈಗೆ ನಾಲ್ಕು ಹೊಲಿಗೆ. ಇವತ್ತು ರಕ್ತದ ರಿಪೋರ್ಟು ನೋಡಿ ಡಾಕ್ಟರು ನನ್ನೆದುರೇ ಕೇಳಿದರು, "ಕೊಟ್ರೇಶ್ ಅವ್ರೇ, ಎಷ್ಟು ವರ್ಷದಿಂದ ಕುಡೀತೀರಿ?" ನಾನು, ದಡ್ಡಿ, ನಡುವೆ ಬಾಯಿ ಹಾಕಿ "ಕಾಫಿನಾ ಸಾರ್?" ಅಂದೆ.

ಡಾಕ್ಟರು ನಗಲಿಲ್ಲ. ಇವರು ನೆಲ ನೋಡುತ್ತ "ಎಂಟು ವರ್ಷ ಆತು ಸರ್. ದಿನಾ ಎರಡು ಪೆಗ್" ಅಂದರು. ಎಂಟು ವರ್ಷ! ಅಷ್ಟು ವರ್ಷ ಪಕ್ಕದಲ್ಲೇ ಮಲಗಿ ನನ್ನ ಮೂಗು ಏನು ಮಾಡುತ್ತಿತ್ತು?

ಲಿವರ್ ಊದಿಕೊಂಡಿದೆಯಂತೆ. ಹೀಗೇ ನಡೆದರೆ ಎರಡು ವರ್ಷದಲ್ಲಿ ಕೈ ಮೀರುತ್ತದಂತೆ. ಮಗಳಿನ್ನೂ ದಾವಣಗೆರೆ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ಅಪ್ಪ ಬೇಡವೇ? ಅತ್ತೆಗೆ ಹೇಳಿಲ್ಲ. ಮೂರು ಹೊತ್ತು ಲಿಂಗಪೂಜೆ ಮಾಡುವ ಜೀವ ಅದು. ಮಗ ಕುಡಿಯುತ್ತಾನೆ ಅಂತ ಕೇಳಿದರೆ ಅಲ್ಲೇ ಕುಸಿಯುತ್ತಾರೆ.

ಜನವರಿ 12, ಭಾನುವಾರ

ಸೊರಬದಿಂದ ತಂಗಿ ಗಂಗಾಶ್ರೀ ಫೋನು. ಆಸ್ಪತ್ರೆಯಲ್ಲಿ ನರ್ಸು ಅವಳು, ಎಲ್ಲದಕ್ಕೂ ಅವಳ ಹತ್ತಿರ ಔಷಧಿ ಇದೆ. ಗುರುವಾರ ಗುರುವಾರ ಅಲ್ಲಿಗೆ ಕುಡಿತ ಬಿಡಿಸಲು ಮಾತಾಡುವ ಮೇಡಂ ಒಬ್ಬರು ಬರುತ್ತಾರಂತೆ, ಭಾವನನ್ನು ಕಳಿಸು ಅಂದಳು.

ಇವರು ಸುತಾರಾಂ ಒಪ್ಪಲಿಲ್ಲ. "ಕುಡುಕ್ರ ಸಾಲಾಗೆ ನಾ ನಿಂತ್ರೆ ನಾಳೆ ನನ್ ಪೈಪಿನ ಅಂಗ್ಡಿ ಮುಂದೆ ಯಾರ್ ನಿಲ್ತಾರೆ?" ಹಾಗೆನ್ನುವಾಗ ಕೈಯಲ್ಲಿದ್ದ ಚಹಾದ ಲೋಟ ನಡುಗುತ್ತಿತ್ತು. ಮೂರು ದಿನವಾಗಿದೆ ಕುಡಿಯದೆ. ಇವತ್ತಲ್ಲ ನಾಳೆ ಮತ್ತೆ ಹೋಗುತ್ತಾರೆ, ಮತ್ತೆ ಬೈಕು, ಮತ್ತೆ ಆ ತಿರುವು.

ಆಗ ನನ್ನ ಬಾಯಿಂದ ಬಂತು ನೋಡು ಮಾತು, ಬರೆಯುವಾಗಲೂ ನಂಬಲಾಗುತ್ತಿಲ್ಲ. "ಹೊರಗೆ ಕುಡ್ದು ರಸ್ತೇಲಿ ಸಾಯೋ ಬದ್ಲು ಮನೇಲೇ ಕುಡೀರಿ. ಆದ್ರೆ ಕಲ್ಸೋದು ನಾನು, ಅಳತೆ ನಂದು."

ಇವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಗಂಗಾ ಫೋನಿನಲ್ಲೇ ಕಿರುಚಿದಳು, "ಅಕ್ಕಾ, ತಲೆ ಸರಿ ಇದ್ಯನೇ ನಿಂಗೆ? ಅದೇನು ಸಾರಿನ ಪುಡೀನಾ ಮಾರಾಯ್ತಿ, ಅಂದಾಜಲ್ಲಿ ಕಡಿಮೆ ಮಾಡಕ್ಕೆ?" ಸೊರಬಕ್ಕೆ ಕೊಟ್ಟ ಮೇಲೆ ಮಾತುಮಾತಿಗೂ ಮಾರಾಯ್ತಿ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಬೆಳಿಗ್ಗೆ ಎಳ್ಳು ಬೆಲ್ಲ, ಸಂಜೆ ರಮ್ಮು! ಶಿವನೇ, ಇಂಥ ಹಬ್ಬ ಯಾರ ಮನೆಯಲ್ಲೂ ಬೇಡ.

ಬಾಟಲಿಯನ್ನು ಇವರೇ ಪೈಪಿನ ಜಾಯಿಂಟುಗಳ ಚೀಲದಲ್ಲಿಟ್ಟು ತಂದರು. ಮಾಳಿಗೆಯ ರೂಮಿನಲ್ಲಿ ಹಳೆಯ ಟ್ರಂಕಿದೆ, ಅದರೊಳಗಿಟ್ಟು ಬೀಗ ಹಾಕಿದೆ. ಅತ್ತೆಯ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ, ಅದೊಂದು ಪುಣ್ಯ. ಅವರು ಕೇಳಿದ್ದಕ್ಕೆ, ಬೈಕಿನಿಂದ ಬಿದ್ದ ನೋವಿಗೆ ಕಷಾಯ ಅಂದಿದ್ದೇನೆ.

ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ. ಇವರ ಎರಡು ಪೆಗ್ಗು ಅಂದರೆ ಎಂಟು ಮುಚ್ಚಳ ಆಗುತ್ತದೆ. ನಾನು ಆರಕ್ಕೆ ಇಳಿಸಿದೆ. ಬರೀ ನೀರು ಬೆರೆಸಿದರೆ ಕಡಿಮೆಯಾಗಿದ್ದು ಇವರಿಗೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಈ ಕಲಸುವ ಉಪಾಯ. ಬೇಳೆ ಕಡಿಮೆ ಬಿದ್ದ ಸಾರಿಗೆ ಒಗ್ಗರಣೆ ಜೋರು ಮಾಡುತ್ತೇವಲ್ಲ, ಹಾಗೆ. ಫೋನಿನ ವಿಡಿಯೋದಲ್ಲಿ ಒಬ್ಬಳು ಮೊಹಿತೋ ಅಂತ ಕಲಸಿ ತೋರಿಸಿದಳು. ಪುದೀನ, ನಿಂಬೆ, ಸಕ್ಕರೆ, ಸೋಡಾ. ನಾನು ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ, ಮಗಳ ಹಾರ್ಲಿಕ್ಸ್ ಶೇಕರಿನಲ್ಲಿ ಕುಲುಕಿದೆ.

ಆಮೇಲೆ ಬಂತು ಫಜೀತಿ. ಹುಳಿ ಸಾಕೋ, ಬೆಲ್ಲ ಸಾಕೋ? ಈ ಮನೆಗೆ ಬಂದ ಮೇಲೆ ನಾನು ಅಡುಗೆಯ ರುಚಿ ನೋಡಿದವಳೇ ಅಲ್ಲ. ಲಿಂಗಕ್ಕೆ ತೋರಿಸುವ ಮೊದಲು ಎಂಜಲಾಗಬಾರದು ಅಂತ ಅತ್ತೆ ಹೇಳಿಕೊಟ್ಟ ದಿನದಿಂದ ಉಪ್ಪೂ ಅಂದಾಜು, ಖಾರವೂ ಅಂದಾಜು. ಆದರೆ ಇದರ ಅಂದಾಜು ಯಾವ ತಾಯಿ ಹೇಳಿಕೊಡುತ್ತಾಳೆ? ಕೊನೆಗೆ ಅಂಗೈಗೆ ಮೂರು ಹನಿ ಹಾಕಿಕೊಂಡು ನೆಕ್ಕಿದೆ. ಥೂ! ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಇದಕ್ಕಾಗಿ ಎಂಟು ವರ್ಷ ಸುಳ್ಳು ಹೇಳಿದರೇ?

ಲೋಟ ತುಟಿಗೆ ತಾಗಿಲ್ಲ. ಅಂಗೈಯಲ್ಲಿ ರುಚಿ ನೋಡುವುದಕ್ಕೆ ಕುಡಿಯುವುದು ಅನ್ನುವುದಿಲ್ಲ.

ಜನವರಿ 23, ಗುರುವಾರ

ಐದು ಮುಚ್ಚಳ. ಇವರಿಗೆ ಗೊತ್ತೇ ಆಗಲಿಲ್ಲ!

ಇವತ್ತಿನದು ಮುರುಗಲು ಹಣ್ಣಿನ ಸಿಪ್ಪೆ ನೆನೆಸಿದ ನೀರು, ಹುರಿದ ಜೀರಿಗೆ ಪುಡಿ, ಉಪ್ಪು, ಚೂರು ಬೆಲ್ಲ. ಸಿಪ್ಪೆ ಗಂಗಾ ಕಳಿಸಿದ್ದು, ಯಾತಕ್ಕೆಂದು ಅವಳಿಗೆ ಹೇಳಲಿಲ್ಲ. ಫೋನಿನವಳು ಲೋಟದ ಬಾಯಿಗೆ ಸುತ್ತ ಉಪ್ಪು ಮೆತ್ತಿದ್ದು ನೋಡಿ ಹೌಹಾರಿದೆ. ಉಪ್ಪು ನೆಕ್ಕಿ ಕುಡಿಯುವುದಂತೆ, ಗೋದಲಿಯಲ್ಲಿ ದನಕ್ಕಿಟ್ಟ ಹಾಗೆ. ಆದರೂ ಮಾಡಿದೆ. ಇವರು ಒಂದು ಗುಟುಕು ಹೀರಿ "ಏ ವಾಣಿ, ಬಾರ್‌ನಾಗೂ ಹಿಂಗ್ ಮಾಡಲ್ಲ ಕಣೆ" ಅಂದರು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಾಗಿದ್ದಕ್ಕೆ ನಾಚಿಕೆಯೂ ಆಯಿತು.

ಅಂಗೈ ರುಚಿ ಎರಡು ಸಲ ನೋಡಬೇಕಾಯಿತು, ಉಪ್ಪು ಹಾಕುವ ಮೊದಲು ಒಮ್ಮೆ, ಆಮೇಲೆ ಒಮ್ಮೆ.

ಫೆಬ್ರುವರಿ 4, ಮಂಗಳವಾರ

ಇವತ್ತು ನನ್ನ ಜೀವ ಬಾಯಿಗೆ ಬಂದಿತ್ತು. ಶುಂಠಿ, ಲವಂಗ, ಬೆಲ್ಲ ಕುದಿಸಿ, ಸೋಸಿ, ಬಿಸಿ ರಮ್ಮಿನದೊಂದು ಹೊಸ ಬಗೆ ಮಾಡುತ್ತಿದ್ದೆ. ರಮ್ಮು ಬೆರೆಸಿಯೂ ಆಗಿತ್ತು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ಏನ್ ಘಮ್ ಅಂತೈತಲ್ಲೇ ವಾಣಿ. ಕೊಟ್ರನ ಕಷಾಯನಾ? ನನ್ ಮೊಣಕಾಲಿಗೂ ಒಂದೀಟು ಕೊಡವ್ವಾ."

"ಅದು ಗಂಡಸ್ರ ಕಷಾಯ ಅತ್ತೆ" ಅಂದುಬಿಟ್ಟೆ. ಅವರು ನಕ್ಕು, "ಗಂಡಸ್ರಿಗೊಂದು ಹೆಂಗಸ್ರಿಗೊಂದು ಮೊಣಕಾಲು ಇರ್ತೈತನು?" ಅಂದರು. ಬೇರೆ ಪಾತ್ರೆಯಲ್ಲಿ ಬರೀ ಶುಂಠಿ ಬೆಲ್ಲ ಕುದಿಸಿ ಕೊಟ್ಟೆ. ಗಂಡನನ್ನು ಹೀಗೆ ನೋಡಿಕೊಳ್ಳುವ ಸೊಸೆ ಊರಲ್ಲಿಲ್ಲ ಅಂತ ನನ್ನ ತಲೆ ಸವರಿದರು. ಆಚೆ ತಿರುಗಿ ಕಣ್ಣೊರೆಸಿಕೊಂಡೆ.

ಅವರು ಹೋದ ಮೇಲೆ ಅಡುಗೆಮನೆ ಬಾಗಿಲು ಮುಂದೆ ಮಾಡಿದೆ. ಗಾಬರಿ ಇಳಿಯಲೆಂದು ಒಂದು ಅಂಗೈ ತುಂಬ ತೆಗೆದುಕೊಂಡೆ. ಶುಂಠಿಗೆ ಒಳ್ಳೆಯ ಗುಣ ಇದೆ, ಬೇಗ ಸಮಾಧಾನವಾಯಿತು.

ಫೆಬ್ರುವರಿ 15, ಶನಿವಾರ

ನಾಲ್ಕು ಮುಚ್ಚಳ! ಸೊರಬದ ಕಡೆಯ ಅನಾನಸ್ ಸಿಕ್ಕಿತು, ಕೆಂಡದ ಮೇಲೆ ಸುಟ್ಟು, ಹಿಂಡಿ, ಮೆಣಸಿನ ಪುಡಿ ಹಾಕಿದೆ. ಇಂಥದ್ದನ್ನು ಯಾವ ಫೋನಿನವಳೂ ಮಾಡಿಲ್ಲ, ಇದು ನನ್ನದೇ. ಮಧ್ಯಾಹ್ನವೇ ಒಮ್ಮೆ ಮಾಡಿ ನೋಡಿದೆ. ಹೊಸ ಬಗೆಯನ್ನು ನೇರವಾಗಿ ಸಂಜೆ ಕೊಟ್ಟರೆ ಕೆಟ್ಟೀತು. ಮಾಡಿದ್ದನ್ನು ಚೆಲ್ಲಲು ಮನಸ್ಸಾಗಲಿಲ್ಲ, ಅನ್ನ ದೇವರೆನ್ನುವ ಮನೆಯವಳು ನಾನು, ಚೆಲ್ಲಿ ಅಭ್ಯಾಸವಿಲ್ಲ. ಅಂಗೈ ಅಂಗೈಯಾಗಿಯೇ ಮುಗಿಸಿದೆ.

ಆಮೇಲೆ ಎಂಥ ನಿದ್ದೆ ಬಂತು ಅಂದರೆ, ಮಠಕ್ಕೆ ಹೋಗಿದ್ದ ಅತ್ತೆ ಬರುವ ಮೊದಲೇ ಅಕ್ಕನ ಬಳಗದವರು ಬಾಗಿಲು ಬಡಿದು ವಾಪಸ್ ಹೋದರಂತೆ. ಪಾತ್ರೆ ತೊಳೆಯುವ ರಾಧಮ್ಮ ಹೇಳಿದಳು. ಹೇಳುವಾಗ ಯಾಕೋ ನನ್ನ ಮುಖವನ್ನೇ ನೋಡುತ್ತಿದ್ದಳು.

ಫೆಬ್ರುವರಿ 26, ಬುಧವಾರ, ಶಿವರಾತ್ರಿ

ಇವರು ಉಪವಾಸ. ಇವತ್ತು ಬೇಡ ಅಂದರು. ಒಳ್ಳೆಯದೇ ಆಯಿತು, ಆದರೆ ಬೇಡ ಅಂತ ಬೆಳಿಗ್ಗೆಯೇ ಹೇಳಬಾರದೇ? ಕಲಸಲೆಂದು ಎಳನೀರು ತರಿಸಿಟ್ಟಿದ್ದೆ. ಸಂಜೆಯಿಡೀ ಸಿಟ್ಟು. ಬಿಲ್ವಪತ್ರೆ ಏರಿಸುವಾಗ ಕೈ ನಡುಗಿತು. ಉಪವಾಸ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಮಾರ್ಚ್ 11, ಮಂಗಳವಾರ

ಬೆರೆಸುವ ಮೊದಲು ಬಾಟಲಿಯದನ್ನೇ ಒಂದು ಅಂಗೈ ನೋಡಿಬಿಡುವುದು ಒಳ್ಳೆಯದು. ಒಂದೊಂದು ಬಾಟಲಿ ಒಂದೊಂದು ಥರ ಇರುತ್ತದೆ. ಕಹಿ ಎಷ್ಟೆಂದು ಗೊತ್ತಾದರೆ ಬೆಲ್ಲ ಎಷ್ಟೆಂದು ಗೊತ್ತಾಗುತ್ತದೆ. ಈಗ ಗಂಟಲು ಉರಿಯುವುದಿಲ್ಲ, ನಾಲಿಗೆ ಪಳಗಿದೆ.

ಮೂರು ಮುಚ್ಚಳಕ್ಕೆ ಇಳಿಸಿದ್ದೇನೆ. ಇವರ ಮುಖದಲ್ಲಿ ಕಳೆ ಬಂದಿದೆ. ಗುರುವಾರ ಗುರುವಾರ ಕುಬಟೂರಿನಲ್ಲಿ ಡ್ರಿಪ್ ಕೆಲಸವಂತೆ, ಅಷ್ಟು ದೂರ ಹೋದರೂ ನೇರ ಮನೆಗೇ ಬರುತ್ತಾರೆ. ನನ್ನ ಉಪಾಯಕ್ಕೆ ನಾನೇ ಶಭಾಷ್ ಅನ್ನಬೇಕು.

ಮಾರ್ಚ್ 30, ಭಾನುವಾರ, ಯುಗಾದಿ

ತಲೆನೋವು. ಬೇವು ಬೆಲ್ಲ ಕೊಡುವಾಗ ಬಟ್ಟಲು ಕೈ ಜಾರಿ ಬಿತ್ತು. ಬಿಸಿಲು ಜಾಸ್ತಿಯಾಗಿದೆ. ಹೋಳಿಗೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅತ್ತೆ ಏನೂ ಅನ್ನದೆ ತಿಂದರು, ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 3, ಗುರುವಾರ

ಕಳ್ಳತನ! ನನ್ನ ಮನೆಯಲ್ಲಿ!

ಭಾನುವಾರ ಹೊಸ ಬಾಟಲಿಯ ಸೀಲು ಒಡೆದಿದ್ದೇನೆ. ದಿನಕ್ಕೆ ಮೂರು ಮುಚ್ಚಳದಂತೆ ಇಷ್ಟೊತ್ತಿಗೆ ಕತ್ತಿನಿಂದ ಸ್ವಲ್ಪ ಕೆಳಗಿರಬೇಕಿತ್ತು. ತೆಗೆದು ನೋಡುತ್ತೇನೆ, ತಳದಲ್ಲಿ ಎರಡು ಬೆರಳು! ಹಳೆಯ ಬಾಟಲಿಯೂ ಹೀಗೇ ಬೇಗ ಮುಗಿದಿತ್ತು ಅಂತ ಈಗ ಹೊಳೆಯುತ್ತಿದೆ.

ಇವರು ಕುಬಟೂರಿನಿಂದ ಬಂದ ಕೂಡಲೇ ಹಿಡಿದೆ. "ಮುಂದೆ ಮೂರು ಮುಚ್ಚಳ ಕುಡ್ದು ಹಿಂದಿಂದ ಟ್ರಂಕು ತೆಗೀತೀರೇನ್ರೀ? ನಾನೇನು ನಿಮ್ ಕಣ್ಣಿಗೆ ಕುರುಡೀನಾ?"

"ನಾ ಮುಟ್ಟಿಲ್ಲ ವಾಣಿ" ಅಂದರು. ಅಷ್ಟೇ. ಕೂಗಾಡಲಿಲ್ಲ, ಆಣೆ ಹಾಕಲಿಲ್ಲ. ನನ್ನನ್ನೇ ನೋಡುತ್ತ ನಿಂತರು. ನನ್ನ ಮುಖದಲ್ಲೇನು ಕೋತಿ ಕುಣಿಯುತ್ತಿತ್ತೇ?

ಏಪ್ರಿಲ್ 8, ಮಂಗಳವಾರ

ಕಳ್ಳಿ ಸಿಕ್ಕಳು. ಮಾಳಿಗೆಯ ರೂಮು ಗುಡಿಸುವವಳು ಇನ್ಯಾರು? ರಾಧಮ್ಮ. ಟ್ರಂಕಿನ ಕೀಲಿ ಗಡಿಯಾರದ ಹಿಂದೆ ಇರುವುದು ಅವಳಿಗೆ ಗೊತ್ತು. ಅವಳ ಗಂಡ ಕುಡಿದೇ ಸತ್ತವನು. ಆ ಮನೆಗೆ ಇದೇನು ಹೊಸದೇ?

ಅತ್ತೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು, ಅದಕ್ಕೇ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. "ಮೇಲಿನ ಟ್ರಂಕಿನಲ್ಲಿಟ್ಟ ಕಷಾಯ ಕದಿಯೋದು ನೀನೇ ಅಲ್ವೇನೇ ರಾಧಮ್ಮ? ಆರು ವರ್ಷ ಅನ್ನ ಹಾಕಿದ್ದಕ್ಕೆ ಇದಾ?" ಅಂದೆ.

ಅವಳು ಬಾಯಿ ತೆರೆದಳು. ಅತ್ತೆಯ ಕಡೆ ನೋಡಿದಳು. ಬಾಯಿ ಮುಚ್ಚಿದಳು. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟೇ ಹೋದಳು, ಸೆರಗಿನಿಂದ ಕಣ್ಣೊರೆಸಿಕೊಂಡು. ಕಳ್ಳರಿಗೆ ಬಾಯಿ ಎಲ್ಲಿಂದ ಬರುತ್ತದೆ!

ಅತ್ತೆ "ಕಷಾಯಕ್ಕೆ ಇಷ್ಟೊಂದು ಮಾತಾ ವಾಣಿ?" ಅಂದರು. ಮೈ ಉರಿಯಿತು. ಪಾತ್ರೆಗಳನ್ನೆಲ್ಲ ನಾನೇ ತೊಳೆದೆ.

ಏಪ್ರಿಲ್ 12, ಶನಿವಾರ

ರಾಧಮ್ಮ ಹೋಗಿ ನಾಲ್ಕು ದಿನ. ಬಾಟಲಿ ಮತ್ತೆ ಇಳಿದಿದೆ. ಏನಿದು, ಭೂತವೇ? ಇವರಿಗೆ ಹೇಳಿ ಇನ್ನೊಂದು ತರಿಸಿದೆ. ತಂದುಕೊಟ್ಟರು.

ಏಪ್ರಿಲ್ 17, ಗುರುವಾರ

ಬರೆಯಲೋ ಬೇಡವೋ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಸೊರಬದಲ್ಲಿ ಗಂಗಾಳ ಮನೆಗೆ ಹೋಗಿ ಬರೋಣ ಅಂತ ಇವರು ಕರೆದುಕೊಂಡು ಹೋದರು. ಊಟವಾದ ಮೇಲೆ ಗಂಗಾ ಒಂದು ಕಾಗದ ಕೈಗಿಟ್ಟಳು. ಇವರ ರಕ್ತದ ರಿಪೋರ್ಟು. ಲಿವರ್ ಸರಿಹೋಗಿದೆ! ನಾನು ಕೂತಲ್ಲೇ ಕೈ ಮುಗಿದೆ, ಅತ್ತುಬಿಟ್ಟೆ. "ನೋಡ್ದೇನೇ, ತಲೆ ಸರಿ ಇದ್ಯಾ ಅಂದ್ಯಲ್ಲ? ಮೂರು ಮುಚ್ಚಳಕ್ಕೆ ತಂದು ನಿಲ್ಲಿಸಿದ್ದೀನಿ!" ಅಂತ ತಂಗಿಯ ಮುಂದೆ ಮೆರೆದೆ.

ಯಾರೂ ಖುಷಿಪಡಲಿಲ್ಲ. ಇವರು ಹೇಳಿದರು, "ಶಿವರಾತ್ರಿಯಿಂದ ನಾ ಒಂದ್ ತೊಟ್ಟೂ ಕುಡ್ದಿಲ್ಲ ವಾಣಿ. ಕುಬಟೂರು ಅಂತ ಹೇಳಿ ಇಲ್ಲಿ ಆ ಮೇಡಂ ಹತ್ರ ಬರ್ತಿದ್ದೆ. ನೀ ಕೊಟ್ಟಿದ್ದನ್ನ ಮಾಳಿಗೆ ಬಚ್ಚಲಿಗೆ ಹೊಯ್ತಿದ್ದೆ. ನೀ ಅಷ್ಟು ಆಸೆಯಿಂದ ಕಲ್ಸಿ ತರ್ತಿದ್ದೆ, ನಿನ್ ಮುಖ ನೋಡಿ ಬೇಡ ಅನ್ನಾಕಾಗಲಿಲ್ಲ."

ನಾನು ಸುಟ್ಟು, ಹಿಂಡಿ, ಸೋಸಿದ್ದೆಲ್ಲ ಬಚ್ಚಲಿಗೆ! ಮೊದಲು ಸಿಟ್ಟು ಬಂದಿದ್ದು ಅದಕ್ಕೇ, ಇದೆಂಥ ಹೆಂಗಸು ನಾನು.

"ಹಂಗಾದ್ರೆ ಬಾಟ್ಲಿ?" ಅಂತ ನಾನೇ ಕೇಳಿದೆ. ನಾನೇ.

ಗಂಗಾ ಔಷಧಿ ಅಳೆಯುವ ಪುಟ್ಟ ಕಪ್ಪು ತಂದಳು, ಒಂದು ಚೊಂಬು ನೀರು. "ಭಾವ ಎಲ್ಲ ಹೇಳಿದ್ದಾರೆ. ಅಂಗೈ ಚಾಚು ಅಕ್ಕ. ರುಚಿ ನೋಡೋವಾಗ ಹ್ಯಾಗೆ ಹಿಡೀತೀಯೋ ಹಾಗೆ." ನನ್ನ ಅಂಗೈ ತಾನಾಗಿಯೇ ಬಟ್ಟಲಾಯಿತು, ಎಷ್ಟು ಆಳ ಅಂದರೆ ನನಗೇ ಗಾಬರಿಯಾಯಿತು. ಅವಳು ನೀರು ತುಂಬಿಸಿ, ಅದನ್ನು ಕಪ್ಪಿಗೆ ಬಗ್ಗಿಸಿದಳು. ಸರಿಯಾಗಿ ಒಂದು ಮುಚ್ಚಳ.

"ದಿನಕ್ಕೆ ಎಷ್ಟು ಸಲ?"

ನಾನು ಬಾಯಿ ಬಿಟ್ಟು ಎಣಿಸಿದೆ. ಬೆಳಿಗ್ಗೆ ಬಾಟಲಿ ಕೆಟ್ಟಿಲ್ಲವೆಂದು ನೋಡಲು ಒಂದು. ಮಧ್ಯಾಹ್ನ ಕಹಿ ನೋಡಲು ಎರಡು, ಊಟವಾದ ಮೇಲೆ ಇನ್ನೊಂದು. ಕಲಸುವ ಮೊದಲು ಎರಡು, ಇವರಿಗೆ ಕೊಡುವ ಮೊದಲು ಒಂದು, ಎಲ್ಲ ತೊಳೆದಿಟ್ಟ ಮೇಲೆ ಒಂದು. ಎಂಟು ಬೆರಳು ಮಡಚಿದ್ದವು.

ಎಂಟು. ಇವರ ಎರಡು ಪೆಗ್ಗು.

"ಗೊತ್ತಿದ್ದೂ ಯಾಕ್ ತಂದುಕೊಟ್ರಿ?" ಅಂತ ಕೂಗಿದೆ. ಇವರ ಕಣ್ಣಲ್ಲಿ ನೀರಿತ್ತು. "ಎಂಟು ವರ್ಷ ಕುಡ್ದ ಬಾಯಿ ವಾಣಿ ಇದು. ಕುಡೀಬ್ಯಾಡ ಅಂತ ನಿಂಗ್ಯಾವ ಬಾಯಲ್ಲಿ ಹೇಳ್ಲಿ? ಮುಂದಿನ ಗುರುವಾರ ಇಬ್ರೂ ಸೇರೇ ಬರಾಣ."

ಏಪ್ರಿಲ್ 18, ಶುಕ್ರವಾರ

ಬೆಳಿಗ್ಗೆ ಟ್ರಂಕು ತೆಗೆಯಲಿಲ್ಲ. ಹನ್ನೊಂದರ ಹೊತ್ತಿಗೆ ಕೈ ನಡುಗಲು ಶುರುವಾಯಿತು. ಉಪವಾಸವಲ್ಲ, ಬಿಸಿಲಲ್ಲ. ಗೊತ್ತಿದ್ದೂ ನಡುಗುವುದನ್ನು ನೋಡುತ್ತ ಕೂರುವುದು ಎಂಥ ಹಿಂಸೆ. ಮನೆಯಲ್ಲಿದ್ದರೆ ಮೇಲೆ ಹತ್ತಿಬಿಡುತ್ತೇನೆ ಅನ್ನಿಸಿ, ಚಪ್ಪಲಿ ಮೆಟ್ಟಿಕೊಂಡು ರಾಧಮ್ಮನ ಮನೆಗೆ ನಡೆದೆ.

ಅವಳು ಬಾಗಿಲಲ್ಲಿ ಕೂತು ಬಟ್ಟೆಗೆ ಸೋಪು ಹಚ್ಚುತ್ತಿದ್ದಳು. ಎದ್ದು ನಿಂತಳು, ಬನ್ನಿ ಅನ್ನಲಿಲ್ಲ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಕದ್ದಿದ್ದು ನೀನಲ್ಲ ರಾಧಮ್ಮ. ಕುಡ್ದಿದ್ದು ನಾನು" ಅಂದೆ.

ಅವಳು ಆಶ್ಚರ್ಯಪಡಲಿಲ್ಲ. ಬಾಯಿ ಬಿಟ್ಟಿದ್ದು ನಾನೇ.

"ಗೊತ್ತೈತಿ ಅಕ್ಕೋರೆ. ಹನ್ನೆರಡು ವರ್ಷ ಆ ವಾಸ್ನೆ ಪಕ್ಕದಾಗೇ ಮಲಗೀನಿ. ನೀವು ಚಹಾದ ಲೋಟ ಕೊಡೋವಾಗ ನಿಮ್ ಕೈಯಿಂದ ಬರ್ತಿತ್ತು. ಶಿವರಾತ್ರಿಗಿಂತ ಮೊದ್ಲೇ ಗೊತ್ತಾಗಿತ್ತು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ? ಅಷ್ಟು ಅಂದ್ರೂ ಯಾಕೆ ಸುಮ್ನೆ ಎದ್ದು ಹೋದೆ?"

"ದೊಡ್ಡಮ್ಮೋರು ಅಲ್ಲೇ ಅಕ್ಕಿ ಆರಿಸ್ತಾ ಕುಂತಿದ್ರಲ್ಲ."

ಊರಿಗೆಲ್ಲ ನನ್ನ ಮರ್ಯಾದೆ ಕಾಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅವಳ ಬಾಗಿಲ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಬಟ್ಟೆ ಜಾಲಿಸಿದಳು, ಹಿಂಡಿದಳು, ಹರವಿದಳು. ಆಮೇಲೆ ಹೇಳಿದಳು, "ನಾಳೆ ಬರ್ತೀನಿ. ಆದ್ರೆ ಅದನ್ನ ನನ್ ಎದ್ರಿಗೇ ಚೆಲ್ಬೇಕು. ಚೆಲ್ದೆ ಅಂತ ಬಾಯಲ್ಲಿ ಹೇಳಿದ್ರೆ ನಂಬಲ್ಲ. ನನ್ ಗಂಡನೂ ಹಂಗೇ ಹೇಳ್ತಿದ್ದ."

ಏಪ್ರಿಲ್ 19, ಶನಿವಾರ

ಏಳಕ್ಕೆ ಸರಿಯಾಗಿ ಬಂದಳು. ಎರಡು ಬಾಟಲಿ ಕೆಳಗೆ ತಂದೆ. ಮಾಳಿಗೆಯ ಬಚ್ಚಲೇ ಸಾಕಾಗಿತ್ತು, ಆದರೆ ಮೇಲೆ ನಾನೂ ಅದೂ ಎದುರಾಬದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಮುಚ್ಚಳ ತಿರುಗಿಸುವಾಗ ಬೆರಳು ಸೋತವು. ರಾಧಮ್ಮ ಕೈ ಹಾಕಲಿಲ್ಲ, ನೋಡುತ್ತ ನಿಂತಳು. ನಾನೇ ತೆಗೆದೆ, ನಾನೇ ಬಗ್ಗಿಸಿದೆ. ಸುರಿಯುವಾಗ ಎಡಗೈ ಅದರ ಕೆಳಗೆ ಚಾಚಿಕೊಂಡಿತ್ತು. ನಾನು ಚಾಚಿದ್ದಲ್ಲ, ದೇವರಾಣೆ. ರಾಧಮ್ಮ ಆ ಕೈಯನ್ನು ಹಿಡಿದು ಪಕ್ಕಕ್ಕೆ ಎಳೆದಳು.

ವಾಸನೆ ಮನೆಯೆಲ್ಲ ಹರಡಿತು. ಪೂಜೆಗೆ ಕೂತಿದ್ದ ಅತ್ತೆ ಎದ್ದು, ಗೋಡೆ ಹಿಡಿದು ಬಚ್ಚಲ ಬಾಗಿಲಿಗೆ ಬಂದರು. "ಏನವ್ವಾ ಇದು ಇಂಥಾ ವಾಸ್ನೆ?"

ನಾನು ತಲೆ ಎತ್ತುವ ಮೊದಲೇ ರಾಧಮ್ಮ ಬಾಟಲಿಗಳಿಗೆ ಅಡ್ಡ ನಿಂತಳು. "ಫಿನಾಯಿಲ್ ಕಣ್ರಿ ದೊಡ್ಡಮ್ಮೋರೆ. ಬಚ್ಚಲು ನಾರ್ತಿತ್ತು ಅಂತ ಹೊಯ್ದ್ವಿ."

ಎರಡನೇ ಸಲ! ನಾನು ಕಳ್ಳಿ ಅಂದವಳು ಎರಡನೇ ಸಲ ನನ್ನ ಮರ್ಯಾದೆ ಕಾಯ್ದಳು, ಈ ಸಲ ಸುಳ್ಳು ಹೇಳಿ. ಅತ್ತೆ ನಂಬಿಯೂ ಆಗಿತ್ತು, ಹಿಂದಕ್ಕೆ ತಿರುಗುತ್ತಿದ್ದರು.

"ಫಿನಾಯಿಲ್ ಅಲ್ಲ ಅತ್ತೆ" ಅಂದೆ. ಆ ದನಿ ನನ್ನದೇ ಅಂತ ನನಗೇ ನಂಬಿಕೆಯಾಗಲಿಲ್ಲ. "ಹೆಂಡ. ನಾನು ಕುಡೀತಿದ್ದೆ."

ರಾಧಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ನನ್ನನ್ನು ನೋಡಿದರು, ಬಾಟಲಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ವಿಭೂತಿ ಹಚ್ಚಿದ ಹಣೆ ಬೆವರಿತ್ತು. ಗೋಡೆಯಿಂದ ಕೈ ತೆಗೆದು "ಯಾವತ್ತಿಂದ?" ಅಂತ ಕೇಳಿದರು.

ಶಿವರಾತ್ರಿ ಆದ ಮೇಲೆ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಯವರೆಗಿನದೆಲ್ಲ ಬರೀ ರುಚಿ ನೋಡಿದ್ದಲ್ಲವೇ?

"ಸಂಕ್ರಾಂತಿಯಿಂದ ಅತ್ತೆ" ಅಂದೆ. "ಮೊದಲ್ನೇ ಮೂರು ಹನಿಯಿಂದ."